ಹಸಿ ಬೋಗುಣಿ

ಬಲಗೈ ಅಂಗಿಯ ತೋಳಿನೊಳಗೆ ಹೋಗಲಿಲ್ಲ. ತಮ್ಮ ಒಮ್ಮೆ ಎಳೆದು ನೋಡಿದ, ಇನ್ನೊಮ್ಮೆ ಮೆಲ್ಲಗೆ ತಳ್ಳಿ ನೋಡಿದ. ಇಸ್ತ್ರಿ ಮಾಡಿದ ಬಿಳಿಯ ಅಂಗಿ ತೀರಿಹೋದ ಅಣ್ಣನ ಸೆಟೆದ ಮೊಣಕೈಯ ಹತ್ತಿರ ಮುದುಡಿ ನಿಂತಿತು.

"ಬೆನ್ನಿನ ಕಡೆ ಕತ್ತರಿಸಿಬಿಡಿ ಚಿಕ್ಕಪ್ಪ. ಯಾರಿಗೆ ಕಾಣುತ್ತೆ?" ಎಂದಳು ಮಗಳು.

"ಅತ್ತಿಗೆ ಹೊಲಿದಿರೋ ಅಂಗಿ ಕಣಮ್ಮ ಇದು. ಅವರ ಕಣ್ಣೆದುರಿಗೇ ಕತ್ತರಿ ಆಡಿಸಲಾ?"

ಇಬ್ಬರೂ ತಿರುಗಿ ನೋಡಿದರು. ಅತ್ತಿಗೆ ಗೋಡೆಯ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದಳು. ಬಲಗೈ ಎಂದಿನಂತೆ ತೊಡೆಯ ಮೇಲೆ ಬಿದ್ದಿತ್ತು. ಆಕೆ ಅಂಗಿಯನ್ನಾಗಲಿ ಗಂಡನನ್ನಾಗಲಿ ನೋಡುತ್ತಿರಲಿಲ್ಲ. ಎಡಗೈಯನ್ನು ಎತ್ತಿ ಅಡುಗೆಮನೆಯ ಆಚೆಗಿನ ಹಿತ್ತಿಲ ಬಾಗಿಲನ್ನು ತೋರಿಸುತ್ತಿದ್ದಳು.

"ಆಮೇಲೆ," ಎಂದಳು. "ಆಮೇಲೆ. ಆಮೇಲೆ."

"ಬಚ್ಚಲಿಗೆ ಹೋಗಬೇಕಾ ಅಮ್ಮ?"

ಅಲ್ಲವೆಂದು ಆಕೆ ತಲೆಯಾಡಿಸಿದಳು.

"ನೀರು ಬೇಕಾ? ಮಾತ್ರೆ ತಗೊಂಡ್ಯಲ್ಲ, ನಾನೇ ಕೊಟ್ಟೆನಲ್ಲ."

ಎಡಗೈ ಕೆಳಗಿಳಿಯಿತು. ಒಂದು ಗಳಿಗೆ ಬಿಟ್ಟು ಮತ್ತೆ ಎದ್ದು ಅದೇ ಬಾಗಿಲನ್ನು ತೋರಿಸಿತು.

ಎರಡು ವರ್ಷದ ಹಿಂದೆ ಲಕ್ವಾ ಹೊಡೆದಾಗ ಆಕೆಯ ಬಲಗೈ ಹೋಯಿತು, ಮಾತು ಹೋಯಿತು. ಮಾತುಗಳಲ್ಲಿ ಒಂದೇ ಒಂದು ಉಳಿಯಿತು. ಹಸಿವಾದರೂ ಆಮೇಲೆ, ಸಿಟ್ಟು ಬಂದರೂ ಆಮೇಲೆ, ದೇವರನ್ನು ಬೇಡಿಕೊಳ್ಳುವಾಗಲೂ ಅದೇ. ಅದರ ಏರಿಳಿತದಲ್ಲಿ ಏನಿದೆ ಎಂದು ತಿಳಿದುಕೊಳ್ಳುತ್ತಿದ್ದವನು ಗಂಡನೊಬ್ಬನೇ. ಅವನಿಗೆ ಈಗ ಅಂಗಿ ತೊಡಿಸುತ್ತಿದ್ದರು.

ಆಕೆಗೆ ಬೇಕಾಗಿದ್ದುದು ಬಹಳ ಸಣ್ಣ ಕೆಲಸ. ಹಿತ್ತಿಲ ಶೆಡ್ಡಿನಲ್ಲಿ, ಮರ ಕಡೆಯುವ ಲೇತ್ ಯಂತ್ರದ ಪಕ್ಕದ ಹಲಗೆಯ ಮೇಲೆ, ಒದ್ದೆ ಟವೆಲು ಮುಚ್ಚಿದ ಒಂದು ಮರದ ಬೋಗುಣಿ ಇತ್ತು. ನಿನ್ನೆ ಮಧ್ಯಾಹ್ನ ಅವನು ಕಡೆದು ಇಳಿಸಿದ್ದು. ಹಸಿ ಮರ. ಅದನ್ನು ಅದರದೇ ಹೊಟ್ಟಿನಲ್ಲಿ, ಕಡೆಯುವಾಗ ಉದುರಿದ ಸುರುಳಿಗಳಲ್ಲಿ, ಹೂತು ಚೀಲದ ಬಾಯಿ ಕಟ್ಟಬೇಕಾಗಿತ್ತು. ಟವೆಲು ಒಣಗಿ ಗಾಳಿ ತಗುಲಿದರೆ ಬಿರಿಯುತ್ತದೆ. ಯಾರಾದರೂ ಐದು ನಿಮಿಷ ಶೆಡ್ಡಿಗೆ ಹೋಗಿ ಬಂದರೆ ಸಾಕಾಗಿತ್ತು.

ದೇವರಿಗೆ ನಮ್ಮ ಮಾತು ಬೇಕಿಲ್ಲ ಎನ್ನುತ್ತಾರೆ. ಮನುಷ್ಯರಿಗೆ ಬೇಕು.

"ಕತ್ತರಿ ಕೊಡು," ಎಂದ ತಮ್ಮ ಕೊನೆಗೆ. ಅಂಗಿಯ ಬೆನ್ನು ಪರ್ರೆಂದು ಸೀಳಿಕೊಂಡಿತು, ತೋಳು ಸಲೀಸಾಗಿ ಏರಿತು. ಮಗಳು ಒದ್ದೆ ಬಟ್ಟೆಯಲ್ಲಿ ಅಪ್ಪನ ಬೆರಳುಗಳನ್ನು ಒರೆಸಿದಳು. ಉಗುರಿನ ಸಂದಿಯ ಮರದ ಹುಡಿ ಹೋಗಲಿಲ್ಲ. ಅವಳು ಬಟ್ಟೆಯನ್ನು ಬಿಸಾಡಿ ಮುಖ ಮುಚ್ಚಿಕೊಂಡಳು.

*

ಅವನು ಮೂವತ್ತನಾಲ್ಕು ವರ್ಷ ಮನೆಮನೆಯ ನೀರಿನ ಮೀಟರು ಓದಿದವನು. ಬೆಳಗ್ಗೆ ಎಂಟಕ್ಕೆ ಸೈಕಲ್ ಹತ್ತಿ ಹೊರಟರೆ ಮಧ್ಯಾಹ್ನದ ಹೊತ್ತಿಗೆ ನೂರು ಮನೆಯ ಮೂಲೆಯಲ್ಲಿ ಬಗ್ಗಿ ಎದ್ದಿರುತ್ತಿದ್ದ. ಬಡಾವಣೆಯಲ್ಲಿ ಎಲ್ಲರೂ ಅವನನ್ನು ಮೀಟರಪ್ಪ ಎಂದೇ ಕರೆಯುತ್ತಿದ್ದರು. ಯಾವ ಮನೆಯ ನಲ್ಲಿ ಸೋರುತ್ತದೆ, ಯಾರ ಮನೆಗೆ ನೆಂಟರು ಬಂದಿದ್ದಾರೆ ಎಂಬುದನ್ನು ಅವನು ಆ ಸಣ್ಣ ಚಕ್ರದ ತಿರುಗುವಿಕೆಯಲ್ಲೇ ಹೇಳಬಲ್ಲವನಾಗಿದ್ದ. ಆದರೆ ಸೋರುವ ನಲ್ಲಿಯನ್ನು ಸರಿಮಾಡು ಎಂದರೆ ಕೈ ಓಡುತ್ತಿರಲಿಲ್ಲ. ಗೋಡೆಗೆ ಮೊಳೆ ಹೊಡೆಯಲು ಹೋದರೆ ಮೊಳೆ ಬಾಗುತ್ತಿತ್ತು, ಗಾರೆ ಉದುರುತ್ತಿತ್ತು, ಹೆಬ್ಬೆರಳು ನೀಲಿಗಟ್ಟುತ್ತಿತ್ತು.

"ಬಿಡಿ ಇತ್ಲಾಗೆ," ಎಂದು ಹೆಂಡತಿಯೇ ಸುತ್ತಿಗೆ ಕಸಿದುಕೊಳ್ಳುತ್ತಿದ್ದಳು. ಆಕೆ ಟೈಲರು. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಅರ್ಧ ಬಡಾವಣೆಗೆ ಬಟ್ಟೆ ಹೊಲಿಯುತ್ತಿದ್ದಳು. ಟೇಪು ಕೊರಳಲ್ಲಿ ತೂಗುತ್ತಿದ್ದರೂ ಮನುಷ್ಯರ ಹೆಗಲನ್ನು ಕಣ್ಣಲ್ಲೇ ಅಳೆಯುತ್ತಿದ್ದಳು.

ಲಕ್ವಾ ಹೊಡೆದ ಮೇಲೆ ಕೈಕಾಲಿನ ವ್ಯಾಯಾಮ ಹೇಳಿಕೊಡಲು ಆಸ್ಪತ್ರೆಯಿಂದ ಒಬ್ಬ ಹುಡುಗಿ ಬರುತ್ತಿದ್ದಳು. "ಚಮಚದ ಹಿಡಿ ದಪ್ಪ ಇದ್ರೆ ಎಡಗೈಲಿ ಹಿಡಿಯೋಕೆ ಸುಲಭ ಆಗುತ್ತೆ ಸಾರ್. ಮರದ್ದು ಸಿಗುತ್ತೇನೋ ನೋಡಿ," ಎಂದಳು. ಅಂಗಡಿ ಅಂಗಡಿ ತಿರುಗಿದ. ಸಿಗಲಿಲ್ಲ. ಕೊನೆಗೆ ಮಂಚದ ಕಾಲು, ಮೆಟ್ಟಿಲ ಕಟಕಟೆ ಕಡೆಯುವ ಮುದಿ ಮೇಸ್ತ್ರಿಯ ಅಂಗಡಿಗೆ ಹೋಗಿ ನಿಂತ.

"ಒಂದು ಹಿಡಿ ಮಾಡ್ಕೊಡಿ ಮೇಸ್ತ್ರಿ."

"ಯಾರ ಕೈಗೆ?"

"ಮನೆಯವಳ ಕೈಗೆ."

"ಆ ಕೈ ನನಗೇನು ಗೊತ್ತು? ನಿಮಗೆ ಗೊತ್ತು. ನೀವೇ ಕಡೀರಿ, ನಾನು ಹೇಳ್ಕೊಡ್ತೀನಿ."

"ನನಗೆ ಅರವತ್ತಮೂರು ಮೇಸ್ತ್ರಿ. ಈಗ ಕಲಿಯೋದಾ?"

"ಹೊಟ್ಟೆ ಒಳಗೆ ಎಳ್ಕೊಂಡು ನಿಲ್ಲೋಕೆ ಆಗುತ್ತಾ? ಆಗುತ್ತೆ ಅಂದ್ರೆ ಬನ್ನಿ. ತಿರುಗೋ ಮರಕ್ಕೆ ವಯಸ್ಸು ಕಾಣಲ್ಲ, ಅಂಗಿ ತುದಿ ಮಾತ್ರ ಕಾಣುತ್ತೆ."

ಹೀಗೆ ಶುರುವಾಯಿತು. ಮೊದಲ ದಿನ ಉಳಿ ಮರಕ್ಕೆ ಕಚ್ಚಿಕೊಂಡು, ತುಂಡು ಹಾರಿ ಮೇಸ್ತ್ರಿಯ ಟ್ಯೂಬ್‌ಲೈಟು ಒಡೆಯಿತು. "ಗುದ್ದಾಟಕ್ಕೆ ನಿಂತಿದೀರಲ್ಲ!" ಎಂದು ಮೇಸ್ತ್ರಿ ಅವನ ಹಿಂದೆ ನಿಂತು ಎರಡೂ ಕೈ ಹಿಡಿದುಕೊಂಡ. "ಮಗೂನ ರಸ್ತೆ ದಾಟಿಸೋವಾಗ ಕೈ ಹಿಡ್ಕೋತೀವಲ್ಲ, ಹಂಗೆ ಹಿಡೀರಿ. ಬಿಡಲೂಬಾರದು, ನೋಯಿಸಲೂಬಾರದು."

ಮೊದಲನೆಯ ಹಿಡಿಯನ್ನು ಮನೆಗೆ ತಂದು ಹೆಂಡತಿಯ ಮುಂದೆ ಇಟ್ಟ. ಆಕೆ ಅದನ್ನು ನೋಡಿದಳು, ಎಡಗೈಯ ಒಂದು ಬೆರಳಿನಿಂದ ತಳ್ಳಿ ಮೇಜಿನ ಆಚೆ ಬೀಳಿಸಿದಳು. ಎರಡನೆಯದನ್ನೂ ಬೀಳಿಸಿದಳು. ಆರು ಹಿಡಿಗಳು ಹೀಗೇ ನೆಲಕ್ಕೆ ಬಿದ್ದವು. "ನಿಮ್ಮ ಗಿರಾಕಿಗಳು ನಿಮಗೆ ಹೀಗೆ ಮಾಡಿದ್ರೆ ಗೊತ್ತಾಗ್ತಿತ್ತು ಟೈಲರಮ್ಮನೋರೇ," ಎಂದು ಅವನು ಬಗ್ಗಿ ಹೆಕ್ಕಿಕೊಳ್ಳುತ್ತಿದ್ದ. ಏಳನೆಯದನ್ನು ಆಕೆ ಮುಷ್ಟಿಯಲ್ಲಿ ಹಿಡಿದು ಬಹಳ ಹೊತ್ತು ಇಟ್ಟುಕೊಂಡಳು. ಆಮೇಲೆ ಅದರಿಂದ ಮೇಜಿನ ಮೇಲೆ ಎರಡು ಸಲ ಕುಟ್ಟಿದಳು.

ಅವನು ಅಡುಗೆಮನೆಗೆ ಹೋಗಿ, ಯಾರೂ ಇಲ್ಲದ ಕಡೆ, ಕಣ್ಣೊರೆಸಿಕೊಂಡು ಬಂದ.

*

ಒಂಬತ್ತು ಗಂಟೆಯ ಹೊತ್ತಿಗೆ ಜನ ಬರತೊಡಗಿದರು. ಓಣಿಯಲ್ಲಿ ಚಪ್ಪಲಿಗಳು ಸಾಲಾದವು. ಕುರ್ಚಿ ಸಾಲದೆ ಕೆಲವರು ಹಿತ್ತಿಲಲ್ಲಿ ನಿಂತರು.

"ಎಲ್ಲರ ಮನೆ ಮೀಟರ್ ಓದಿದ, ತನ್ನ ಎದೇದು ಒಂದು ಓದಲಿಲ್ಲ ನೋಡಿ," ಎಂದ ಅವನ ಜೊತೆ ಕೆಲಸ ಮಾಡಿದ್ದವನೊಬ್ಬ. ಪಕ್ಕದವನು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕು, ನಕ್ಕಿದ್ದಕ್ಕೆ ಕೆಮ್ಮಿದ.

ಎದುರುಮನೆಯಾಕೆ ನಿನ್ನೆಯ ಕಥೆಯನ್ನು ಬಂದವರಿಗೆಲ್ಲ ಹೇಳುತ್ತಿದ್ದಳು. "ಅಕ್ಕ ಚಮಚದಲ್ಲಿ ತಟ್ಟೆ ಬಡೀತಾನೇ ಇದ್ರು. ಟಣ್ ಟಣ್ ಟಣ್. ನಾನು ಊಟಕ್ಕೇನೋ ಅಂದ್ಕೊಂಡೆ. ಮೀಟರಪ್ಪ ಇದಾರಲ್ಲ, ಕೊಡ್ತಾರೆ ಬಿಡು ಅಂತ ಬಟ್ಟೆ ಒಗೀತಿದ್ದೆ. ಇಪ್ಪತ್ತು ನಿಮಿಷ ಬಡಿದ್ರು ಕಣ್ರೀ. ಆಮೇಲೆ ಬಂದು ನೋಡ್ತೀನಿ, ಮೀಟರಪ್ಪ ಕುರ್ಚೀಲಿ ಹಂಗೇ ಒರಗಿದಾರೆ, ಚಹಾ ಲೋಟ ಕೈಯಲ್ಲೇ ಇದೆ." ಹೇಳುವುದನ್ನು ನಿಲ್ಲಿಸಲು ಅವಳಿಗೆ ಆಗುತ್ತಿರಲಿಲ್ಲ.

ಹೆಂಡತಿ ಕಿಟಕಿಯ ಕಡೆಗೆ ಕುರ್ಚಿಯನ್ನು ಒಂದಂಗುಲ ಸರಿಸಿಕೊಂಡಿದ್ದಳು. ಅಲ್ಲಿಂದ ಶೆಡ್ಡಿನ ಬಾಗಿಲು ಕಾಣುತ್ತಿತ್ತು. ತಮ್ಮ ಆ ಬಾಗಿಲನ್ನು ತೆರೆದ. ಆಕೆ ಕುರ್ಚಿಯಲ್ಲಿ ನೆಟ್ಟಗಾದಳು.

ಅವನು ಒಳಗೆ ಹೋಗಿ ಪೊರಕೆ ಹಿಡಿದುಕೊಂಡು ಹೊರಬಂದ. ಹಿತ್ತಿಲಲ್ಲಿ ಜನ ನಿಂತಿದ್ದಾರೆ, ಕಾಲಿಗೆ ಹೊಟ್ಟು ಸಿಗುತ್ತದೆ, ಶೆಡ್ಡು ಗಲೀಜಾಗಿದೆ. ಅಣ್ಣನ ಮನೆಯಲ್ಲಿ ಇಂಥ ದಿನ ಒಂದು ಮಾತು ಬರಬಾರದು. ಅವನು ಬೆವರು ಸುರಿಸಿಕೊಂಡು ಗುಡಿಸಿದ. ನಿನ್ನೆಯ ಹೊಟ್ಟು, ರಿಬ್ಬನ್ನಿನ ಹಾಗೆ ಉದ್ದುದ್ದ ಸುರುಳಿಗಳು, ಎರಡು ಚೀಲ ತುಂಬಿದವು. ಕಸದ ಗಾಡಿ ಬಂದು ಬೀದಿಯ ತುದಿಯಲ್ಲಿ ನಿಂತಿತ್ತು. ಎರಡು ಚೀಲವನ್ನೂ ಎರಡು ಹೆಗಲ ಮೇಲೆ ಹಾಕಿಕೊಂಡು ಓಣಿಯಲ್ಲಿ ನಡೆದ.

"ಆಮೇಲೆ!" ಎಂದು ಆಕೆ ಕೂಗಿದಳು. ಕೋಣೆಯಲ್ಲಿದ್ದವರೆಲ್ಲ ಬೆಚ್ಚಿದರು. "ಆಮೇಲೆ! ಆಮೇಲೆ!"

ಎದುರುಮನೆಯಾಕೆ ಓಡಿ ಬಂದು ಆಕೆಯ ತಲೆಯನ್ನು ತನ್ನ ಎದೆಗೆ ಒತ್ತಿಕೊಂಡಳು. "ಆಮೇಲೆ ಅಂತ ಏನಿದೆ ಅಕ್ಕಾ ಇನ್ನು? ಹೋದ್ರಲ್ಲ ಅಕ್ಕಾ. ಅತ್ತುಬಿಡಿ, ಅತ್ತುಬಿಡಿ."

ಗಾಡಿ ಗಂಟೆ ಬಾರಿಸಿಕೊಂಡು ಮುಂದಿನ ಬೀದಿಗೆ ತಿರುಗಿತು.

ಆದರೆ ಮಗಳು ಅಮ್ಮನ ಕೈ ತೋರಿಸಿದ ದಿಕ್ಕನ್ನು ಈ ಸಲ ನೋಡಿದಳು. ಬಚ್ಚಲಲ್ಲ, ಅಡುಗೆಮನೆಯಲ್ಲ. ಶೆಡ್ಡು. ಅವಳಿಗೆ ಆ ಶೆಡ್ಡನ್ನು ಕಂಡರೆ ಆಗುತ್ತಿರಲಿಲ್ಲ. ಹಳೆಯ ಲೇತು ಕೊಂಡು ತಂದ ದಿನ ಅಪ್ಪನೊಡನೆ ಜಗಳವಾಡಿದ್ದಳು. "ಈ ವಯಸ್ಸಲ್ಲಿ ಕಣ್ಣು ಕಳ್ಕೋತೀರಾ? ಅಮ್ಮನ್ನ ನೋಡ್ಕೊಳ್ಳೋರು ಯಾರು ಆಗ?" ಎಂದಿದ್ದಳು. ಒಂದು ವರ್ಷದಿಂದ ಒಳಗೆ ಕಾಲಿಟ್ಟಿರಲಿಲ್ಲ. ಈಗ ಎದ್ದು ಹೋದಳು.

ಹಲಗೆಯ ಮೇಲೆ ಟವೆಲಿನಡಿ ಬೋಗುಣಿ ಇತ್ತು. ಅವಳು ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ದಪ್ಪನೆಯದು, ಭಾರವಾದದ್ದು, ಒಳಗೂ ಹೊರಗೂ ಉಳಿಯ ಗೆರೆಗಳು ಒಂದರ ಪಕ್ಕ ಒಂದು ನೀರಿನ ಬಳೆಗಳ ಹಾಗೆ ಇದ್ದವು. ಅಪ್ಪ ಇಂಥದ್ದು ಮಾಡುತ್ತಾನೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಬಚ್ಚಲಿಗೆ ಹೋಗಿ ಬಿಸಿನೀರಿನಲ್ಲಿ ಅದರ ಹುಡಿಯೆಲ್ಲ ತೊಳೆದಳು, ಬಟ್ಟೆಯಲ್ಲಿ ಚೆನ್ನಾಗಿ ಒರೆಸಿದಳು. ಅಪ್ಪನ ತಲೆಯ ಹತ್ತಿರ ಸಣ್ಣ ಮೇಜು ಎಳೆದು, ಅದರ ಮೇಲೆ ಅಮ್ಮನ ಕಸೂತಿಯ ಬಟ್ಟೆ ಹಾಸಿ, ಫ್ಯಾನಿನ ನೇರ ಕೆಳಗೆ ಬೋಗುಣಿಯನ್ನು ಇಟ್ಟು, ಒಳಗೆ ಒಂದು ಹಿಡಿ ಹೂ ಹಾಕಿದಳು.

ಆಮೇಲೆ ಅಮ್ಮನ ಮುಂದೆ ಮಂಡಿಯೂರಿ ಕುಳಿತಳು. "ಇದೇ ತಾನೇ ಅಮ್ಮ ನೀನು ಹೇಳ್ತಿದ್ದಿದ್ದು? ಎಲ್ಲರೂ ನೋಡಲಿ ಅಂತ ತಾನೇ? ನನಗೆ ತಿಳೀಲೇ ಇಲ್ಲ ನೋಡು. ಕ್ಷಮಿಸಮ್ಮ."

ತಾಯಿ ಮಗಳ ಮುಖವನ್ನು ನೋಡಿದಳು. ಮೇಜಿನ ಮೇಲಿದ್ದುದನ್ನು ನೋಡಿದಳು. ಆಕೆಯ ಬಾಯಿಯಿಂದ ಆ ಒಂದು ಮಾತೂ ಬರಲಿಲ್ಲ.

*

ಚಮಚದ ಹಿಡಿ ಆದ ಮೇಲೆ ಬಾಚಣಿಗೆಯ ಹಿಡಿ, ಊರುಗೋಲಿನ ತಲೆ, ಬಾಗಿಲಿನ ಗುಬಟು. ಅದಾದ ಮೇಲೆ ಅವನಿಗೆ ಬೋಗುಣಿಯ ಹುಚ್ಚು ಹತ್ತಿತು. ರಸ್ತೆ ಅಗಲ ಮಾಡಲು ಬೀದಿಯ ತುದಿಯ ಮರ ಕಡಿದಾಗ ಕೂಲಿಯವರ ಕೈಕಾಲು ಹಿಡಿದು ಹತ್ತುಹನ್ನೆರಡು ದಿಮ್ಮಿ ತುಂಡು ತಳ್ಳುಗಾಡಿಯಲ್ಲಿ ತಂದುಕೊಂಡ. ಹಸಿ ಮರ ಕಡೆಯಲು ಬೆಣ್ಣೆಯ ಹಾಗೆ. ಉಳಿ ತಾಗಿಸಿದರೆ ಸಾಕು, ಉದ್ದ ಸುರುಳಿ ಹಾರಿ ಹೆಗಲ ಮೇಲೆ ಬೀಳುತ್ತದೆ, ಮರದ ನೀರು ಮುಖಕ್ಕೆ ಚಿಮುಕುತ್ತದೆ. ಹೊಸದಾಗಿ ಕಲಿತವನಿಗೆ ಅದಕ್ಕಿಂತ ಬೇರೆ ಸುಖವಿಲ್ಲ.

ಸಂಜೆ ಬೋಗುಣಿಯನ್ನು ತಂದು ಕಿಟಕಿಯಲ್ಲಿ ಇಡುತ್ತಿದ್ದ. ಬೆಳಗ್ಗೆ ಎದ್ದರೆ ಅದು ಅಂಚಿನಿಂದ ತಳದವರೆಗೆ ಬಾಯಿ ಬಿಟ್ಟಿರುತ್ತಿತ್ತು. ಒದ್ದೆ ಉಳಿಯಿತೇನೋ ಎಂದು ಮುಂದಿನದನ್ನು ಬಿಸಿಲಿನಲ್ಲಿ ಇಟ್ಟ. ಅದು ಮಧ್ಯಾಹ್ನಕ್ಕೇ ಬಿರಿಯಿತು. ಒಲೆಯ ಪಕ್ಕ ಇಟ್ಟದ್ದು ಅವನು ಊಟ ಮಾಡುತ್ತಿದ್ದಾಗಲೇ ಪಟ್ಟೆಂದಿತು. ಮೇಸ್ತ್ರಿಯನ್ನು ಕೇಳಲು ನಾಚಿಕೆ. ಚಮಚದ ಹಿಡಿ ಕಲಿಯಲು ಬಂದವನು ಬೋಗುಣಿಗೆ ಕೈಹಾಕಿದ್ದಾನೆಂದು ತಿಳಿದರೆ ನಗುತ್ತಾನೆ. ಹೀಗೆ ಹನ್ನೊಂದು ಬೋಗುಣಿ ಸೀಳಿದವು. ಪ್ರತಿಯೊಂದನ್ನೂ ಹೆಂಡತಿಗೆ ತೋರಿಸುತ್ತಿದ್ದ. ಆಕೆ ಬಿರುಕಿನ ಮೇಲೆ ಹೆಬ್ಬೆರಳು ಎಳೆದು, "ಆಮೇಲೆ," ಎನ್ನುತ್ತಿದ್ದಳು. "ಹೌದು, ಇನ್ನೊಂದು ಮಾಡಿದ್ರಾಯ್ತು," ಎಂದು ಅವನು ಎದ್ದು ಹೋಗುತ್ತಿದ್ದ.

ಹದಿನೈದು ದಿನದ ಹಿಂದೆ ಮೇಸ್ತ್ರಿ ತಾನಾಗಿಯೇ ಬಂದ. ಶೆಡ್ಡಿನ ಮೂಲೆಯ ರಾಶಿ ನೋಡಿ ಸೊಂಟಕ್ಕೆ ಕೈಯಿಟ್ಟು ನಕ್ಕೇ ನಕ್ಕ.

"ಒಗೆದ ಬಟ್ಟೆ ಹರವಿದ ಹಾಗೆ ಬಿಸಿಲಿಗೆ ಹರವಿದೀರಲ್ಲ ಮೀಟರಪ್ಪಾ! ಹಸಿ ಮರ ಅವಸರ ಮಾಡಿದ್ರೆ ಬಿರಿಯುತ್ತೆ. ಸ್ವಲ್ಪ ದಪ್ಪವಾಗೇ ಕಡೆದು, ಇಳಿಸಿದ ತಕ್ಷಣ ಅದರದೇ ಹೊಟ್ಟಿನಲ್ಲಿ ಹೂತು ಚೀಲ ಕಟ್ಟಿ ನೆರಳಲ್ಲಿಡಿ. ಆರು ತಿಂಗಳು ಆ ಕಡೆ ತಿರುಗಿ ನೋಡಬೇಡಿ. ಒಂದು ಗಳಿಗೆ ಒಳಗೆ ಬರೋದಾದ್ರೂ ಒದ್ದೆ ಬಟ್ಟೆ ಮುಚ್ಚಿ ಬನ್ನಿ. ಆರು ತಿಂಗಳಾದ ಮೇಲೆ ತೆಳ್ಳಗೆ ಕಡೀಬೇಕು. ಆಗ ಅದು ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ."

"ಆರು ತಿಂಗಳೇ!" ಎಂದ ಅವನು.

"ಯಾಕೆ, ಎಲ್ಲಿಗಾದ್ರೂ ಹೊರಟಿದೀರಾ?"

ಹೆಂಡತಿ ಶೆಡ್ಡಿನ ಬಾಗಿಲಲ್ಲಿ ಕುಳಿತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಕೊನೆಯ ದಿಮ್ಮಿ ತುಂಡು ಒಂದೇ ಉಳಿದಿತ್ತು. ನಿನ್ನೆ ಬೆಳಗ್ಗೆ ಅದನ್ನು ಏರಿಸಿದ. ಮೂರೂವರೆಗೆ ಯಂತ್ರ ನಿಂತಿತು. ಕಿಟಕಿಯ ಆಚೆ ನಿಂತು ಬೋಗುಣಿಯನ್ನು ತಲೆಯ ಮೇಲೆ ಎತ್ತಿ ಹಿಡಿದು ಹೆಂಡತಿಗೆ ತೋರಿಸಿದ. "ಇದು ನಿನ್ನ ಹೊಲಿಗೆ ಗುಂಡಿಗಳನ್ನ ಹಾಕಿಡೋಕೆ. ಆರು ತಿಂಗಳು ತಡ್ಕೋ," ಎಂದ. ಆಕೆ ಕುರ್ಚಿಯ ಕೈಗೆ ಎರಡು ಸಲ ಕುಟ್ಟಿದಳು. "ಅಬ್ಬಾ, ಪಾಸಾದೆ!" ಎಂದು ಅವನು ಟವೆಲು ಮುಚ್ಚಿ, ಚಹಾ ಕುಡಿದು ಹೋಗಿ ಹೂಳುತ್ತೇನೆಂದು ಒಳಗೆ ಬಂದ.

*

"ಎಂಥಾ ಕೆಲಸ ನೋಡಿ!" "ಅಂಗಡೀದು ಅಂದ್ಕೊಂಡೆ ನಾನು." "ನಿವೃತ್ತಿ ಆದ್ಮೇಲೆ ಕಲಿತಿದ್ದಂತೆ. ನಮಗೆಲ್ಲ ಟಿವಿ ನೋಡೋದು ಬಿಟ್ಟು ಏನು ಬಂತು?"

ಬಂದವರೆಲ್ಲ ಬೋಗುಣಿಯನ್ನು ಮುಟ್ಟಿ ನೋಡಿದರು. ಮಗಳು ಪ್ರತಿಯೊಬ್ಬರಿಗೂ, "ಅಪ್ಪ ನಿನ್ನೆ ಮಾಡಿದ್ದು, ಕೊನೇದು," ಎಂದು ಹೇಳಿ ಅಳುತ್ತಿದ್ದಳು. ಫ್ಯಾನು ತಿರುಗುತ್ತಿತ್ತು. ಹೂಗಳು ಅಲುಗುತ್ತಿದ್ದವು.

ಹತ್ತೂವರೆಗೆ ಮೇಸ್ತ್ರಿ ಬಂದ. ಹುಬ್ಬಿನಲ್ಲಿ ಅಂಗಡಿಯ ಹುಡಿ ಹಾಗೇ ಇತ್ತು. ಗೆಳೆಯನ ಪಾದದ ಹತ್ತಿರ ನಿಂತು ಕಣ್ಣುಮುಚ್ಚಿ ಮನಸ್ಸಿನಲ್ಲೇ ಪ್ರಾರ್ಥನೆ ಮಾಡಿದ. ಕಣ್ಣು ತೆರೆದಾಗ ಬೋಗುಣಿ ಕಂಡಿತು.

"ಇದು ಹಸೀದು," ಎಂದ.

ಬೆರಳಿನಿಂದ ಅಂಚು ಮುಟ್ಟಿ ನೋಡಿದ.

"ಇದನ್ನ ಯಾರು ಗಾಳಿಗೆ ಇಟ್ಟಿದ್ದು? ಹೊಟ್ಟು ಎಲ್ಲಿ? ಇದನ್ನ ಹೂಳಬೇಕಿತ್ತಲ್ಲ!" ಅವನು ಗೋಡೆಯ ಬಳಿಗೆ ಹೋಗಿ ಫ್ಯಾನಿನ ಸ್ವಿಚ್ಚು ಆರಿಸಿದ.

"ಸೆಕೆ ಮೇಸ್ತ್ರಿ, ಅಕ್ಕನಿಗೆ ತಲೆಸುತ್ತು ಬಂದ್ರೆ?" ಎದುರುಮನೆಯಾಕೆ ಮತ್ತೆ ಹಾಕಿದಳು.

"ಅಲ್ಲಮ್ಮಾ, ಇದು..."

"ಮೇಸ್ತ್ರಿ," ಎಂದ ತಮ್ಮ. ರಾತ್ರಿಯೆಲ್ಲ ನಿದ್ದೆಯಿಲ್ಲದೆ ಅವನ ಕಣ್ಣುಗಳು ಕೆಂಪಾಗಿದ್ದವು. "ನಾವಿಲ್ಲಿ ಮನುಷ್ಯನ್ನ ಹೂಳೋಕೆ ಹೊರಟಿದೀವಿ. ಕಟ್ಟಿಗೆ ವಿಚಾರ ಆಮೇಲೆ ಮಾತಾಡೋಣ."

ಮೇಸ್ತ್ರಿಯ ಮುಖ ಕಪ್ಪಿಟ್ಟಿತು. ಅವನು ಜೀವಮಾನವೆಲ್ಲ ಬೇರೆಯವರ ಮನೆಯ ಕೆಲಸಕ್ಕೆ ಹೋದವನು. ದೊಡ್ಡ ದನಿಯಲ್ಲಿ ಯಾರಾದರೂ ಮಾತಾಡಿದರೆ ಹಿಂದೆ ಸರಿದು ರೂಢಿ. "ತಪ್ಪಾಯ್ತು," ಎಂದು ಗೊಣಗಿ ಬಾಗಿಲ ಕಡೆ ಸರಿದ. ಸರಿಯುವಾಗ ಕುರ್ಚಿಯಲ್ಲಿದ್ದವಳ ಕಣ್ಣು ಅವನ ಕಣ್ಣನ್ನು ಹಿಡಿಯಿತು. ಆಕೆ ಎಡಗೈಯನ್ನು ಬಟ್ಟಲಿನ ಹಾಗೆ ಮಾಡಿ, ಸೆರಗಿನಡಿ ಮುಚ್ಚಿಟ್ಟು, ತೆಗೆದು, ಮತ್ತೆ ಮುಚ್ಚಿಟ್ಟಳು.

ಕೋಣೆಯಲ್ಲಿ ಮೂವತ್ತು ಜನರಿದ್ದರು. ಅರ್ಥವಾದದ್ದು ಅವನೊಬ್ಬನಿಗೆ.

"ಗೊತ್ತಾಯ್ತು ತಾಯಿ," ಎಂದು ಅವನು ಹೆಜ್ಜೆ ಮುಂದಿಡುವಷ್ಟರಲ್ಲಿ ಹೊರಗೆ ವ್ಯಾನಿನ ಹಾರ್ನು ಕೇಳಿಸಿತು. ಜನ ಎದ್ದರು. "ಆರು ಜನ ಬೇಕು, ಬನ್ನಿ ಬನ್ನಿ," ಎಂದು ತಮ್ಮ ಕೂಗಿದ. "ಮೇಸ್ತ್ರಿ, ನಿಮ್ಮ ಹೆಗಲು ಗಟ್ಟಿಯಿದೆ, ತಲೆಯ ಕಡೆ ಹಿಡೀರಿ. ಬೇಜಾರು ಮಾಡ್ಕೋಬೇಡಿ, ಅಣ್ಣ ನಿಮ್ಮನ್ನ ಬಹಳ ಹಚ್ಚಿಕೊಂಡಿದ್ದ."

ಗೆಳೆಯನ ತಲೆಯ ಕಡೆಯ ಭಾರ ಮೇಸ್ತ್ರಿಯ ಹೆಗಲಿಗೆ ಬಂತು. ಅದನ್ನು ಇಳಿಸಿ ಬೇರೆ ಕೆಲಸಕ್ಕೆ ಹೋಗುವ ಹಾಗಿರಲಿಲ್ಲ. ಮೆಟ್ಟಿಲು ಇಳಿಯುವಾಗ ಅವನು ಒಮ್ಮೆ ತಿರುಗಿ ನೋಡಿದ.

ಮಗಳು ತಾಯಿಯ ಹಣೆಗೆ ಹಣೆ ಒತ್ತಿ, "ಬೇಗ ಬರ್ತೀನಮ್ಮ," ಎಂದು ಹೊರಟಳು. ಹೆಂಡತಿ ಕೊನೆಯ ಸಲ ನೋಡಿದ್ದು ಗಂಡನ ಬೂದುಗೂದಲಿನ ನೆತ್ತಿಯನ್ನು ಮಾತ್ರ, ಅದೂ ಬಾಗಿಲ ಚೌಕಟ್ಟಿನಲ್ಲಿ ಒಂದು ಗಳಿಗೆ.

*

ಹೋದವರು ಬರುವಷ್ಟರಲ್ಲಿ ಚಹಾ ಆಗಬೇಕೆಂದು ಎದುರುಮನೆಯಾಕೆ ಅಡುಗೆಮನೆ ಸೇರಿದಳು. "ಗಾಳಿ ಸಾಲದು ಅಕ್ಕಾ ನಿಮಗೆ, ಬೆವೆತುಹೋಗಿದೀರಿ," ಎಂದು ಹೋಗುವ ಮುಂಚೆ ಫ್ಯಾನು ಜೋರು ಮಾಡಿದಳು.

ಕೋಣೆ ಖಾಲಿಯಾಗಿತ್ತು. ಅವನು ಮಲಗಿದ್ದ ಜಾಗದಲ್ಲಿ ನೆಲ ಬರಿದಾಗಿ ಉದ್ದಕ್ಕೆ ಕಾಣುತ್ತಿತ್ತು.

ಟಕ್ ಎಂದಿತು.

ಸಣ್ಣ ಸದ್ದು, ಯಾರೋ ಚಿಟಿಕೆ ಹೊಡೆದ ಹಾಗೆ. ಮೇಜು ನಾಲ್ಕು ಹೆಜ್ಜೆ ದೂರದಲ್ಲಿತ್ತು. ಆಕೆಯ ಊರುಗೋಲನ್ನು ಜನರಿಗೆ ಅಡ್ಡವಾಗುತ್ತದೆಂದು ಬೆಳಗ್ಗೆಯೇ ಹೊರಗಿಟ್ಟಿದ್ದರು. ಆಕೆ ಎಡಗೈಯಿಂದ ಕುರ್ಚಿಯ ಬೆನ್ನು ಹಿಡಿದು ಎದ್ದಳು. ಗೋಡೆಗೆ ಹೆಗಲು ಒತ್ತಿ ಒಂದು ಹೆಜ್ಜೆ ಇಟ್ಟಳು. ಬಲಗಾಲು ಹಿಂದೆ ಎಳೆದುಕೊಂಡು ಬಂತು. ಎರಡನೆಯ ಹೆಜ್ಜೆಗೆ ಗೋಡೆ ಮುಗಿಯಿತು. ಆಕೆ ಮಂಡಿಯ ಮೇಲೆ ಬಿದ್ದಳು, ಆಮೇಲೆ ಮೊಣಕೈಯ ಮೇಲೆ. ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದಿನಲ್ಲಿ ಅದು ಕೇಳಿಸಲಿಲ್ಲ. ಗಂಡ ಮಲಗಿದ್ದ ಜಾಗದ ಉದ್ದಕ್ಕೂ ಆಕೆ ತೆವಳಿದಳು. ಬಾಯಿ ಏನನ್ನೋ ಪ್ರಾರ್ಥಿಸುತ್ತಿತ್ತು, ಮತ್ತದೇ ಮಾತಿನಲ್ಲಿ.

ಕಸೂತಿಯ ಬಟ್ಟೆಯ ತುದಿ ಕೈಗೆ ಸಿಕ್ಕಿತು. ಎಳೆದಳು. ಬೋಗುಣಿ ಜಾರಿ ಬಂದು ಮಡಿಲಿಗೆ ಬಿತ್ತು. ಹೂಗಳು ನೆಲದ ತುಂಬ ಚೆಲ್ಲಿದವು.

ಅಂಚಿನಲ್ಲಿ ಬಿರುಕು ಬಂದಿತ್ತು. ಒಂದು ಬೆರಳಿನಷ್ಟು ಉದ್ದ, ದಾರದಷ್ಟು ತೆಳ್ಳಗೆ. ಆಕೆ ಅದರ ಮೇಲೆ ಹೆಬ್ಬೆರಳು ಎಳೆಯಲಿಲ್ಲ. ಅಂಗೈಯನ್ನು ಅಂಚಿನ ಹೊರಗಿಟ್ಟು, ಬೋಗುಣಿಯನ್ನು ತನ್ನ ಹೊಟ್ಟೆಗೆ ಒತ್ತಿ, ಬಿರುಕಿನ ಎರಡು ಬದಿಗಳನ್ನೂ ಕೂಡಿಸಿ ಹಿಡಿದಳು. ಇನ್ನೊಂದು ಕಡೆಯಿಂದ ಒತ್ತಲು ಬಲಗೈ ಬೇಕಿತ್ತು. ಆಕೆ ಅದನ್ನು ನೋಡಿದಳು. ಅದು ನೆಲದ ಮೇಲೆ, ಹೂಗಳ ನಡುವೆ, ಬೇರೆ ಯಾರದೋ ಕೈಯ ಹಾಗೆ ಬಿದ್ದಿತ್ತು.

*

ಎರಡು ಗಂಟೆಗೆ ಎಲ್ಲರೂ ಮಣ್ಣು ಮೆತ್ತಿದ ಕಾಲಿನಲ್ಲಿ ಮರಳಿದರು. ಎದುರುಮನೆಯಾಕೆ ಬಾಗಿಲಲ್ಲೇ ನಿಂತು ಅಳುತ್ತಿದ್ದಳು. "ಏಳಿ ಅಂದ್ರೆ ಏಳಲ್ಲ. ಕೈ ಬಿಡಿಸೋಕೆ ಹೋದ್ರೆ ಕಚ್ಚೋಕೆ ಬರ್ತಾರೆ. ನಾನೇನು ಮಾಡ್ಲಿ ಹೇಳಿ."

ಮಗಳು ತಾಯಿಯ ಪಕ್ಕ ಕುಳಿತಳು. "ಬಿದ್ಯೇನಮ್ಮಾ? ಕೊಡು ಅದನ್ನ, ಮೇಲೆ ಇಡ್ತೀನಿ."

ತಾಯಿ ಕೊಡಲಿಲ್ಲ. ಬೆರಳುಗಳು ಬೆಳ್ಳಗಾಗಿದ್ದವು. ಮಗಳು ನೀರಿನ ಲೋಟ ಹಿಡಿದಳು. ಲೋಟ ತೆಗೆದುಕೊಳ್ಳಲು ಇದ್ದುದು ಒಂದೇ ಕೈ. ಅದು ಅಲುಗಲಿಲ್ಲ.

"ಏನು ಬೇಕು ಹೇಳಮ್ಮ!" ಎಂದು ಮಗಳು ಕಿರುಚಿದಳು. ಬೆಳಗ್ಗೆಯಿಂದ ತಡೆದಿದ್ದೆಲ್ಲ ಒಡೆದು ಬಂತು. "ಅಪ್ಪನಿಗೆ ಹೇಳ್ತಿದ್ದೆಯಲ್ಲ! ಅವರಿಗೆ ತಿಳೀತಿತ್ತಲ್ಲ! ನನಗೂ ಒಂದು ಸಲ ಹೇಳು. ನಾನು ಇನ್ನು ಹೇಗೆ ನಿನ್ನ ಜೊತೆ ಇರಲಿ?"

"ಆಮೇಲೆ," ಎಂದಳು ತಾಯಿ, ಬಹಳ ಮೆಲ್ಲಗೆ.

ಬಾಗಿಲಲ್ಲಿ ಮೇಸ್ತ್ರಿ ನಿಂತಿದ್ದ. ಬರುವ ದಾರಿಯಲ್ಲಿ ತನ್ನ ಅಂಗಡಿಯ ಹತ್ತಿರ ವ್ಯಾನಿನಿಂದ ಇಳಿದು, ಒಂದು ಚೀಲ ಹೊಟ್ಟು ತುಂಬಿ ಹೊತ್ತು ತಂದಿದ್ದ. ಅವನು ಬಂದು ಬಗ್ಗಿ ಆಕೆಯ ಬೆರಳುಗಳ ಸಂದಿಯಲ್ಲಿ ನೋಡಿದ. ತಳದ ಕಡೆಗೆ ಇನ್ನೊಂದು ಗೆರೆ ಹೊರಟಿತ್ತು.

"ಒಡೆದುಹೋಗುತ್ತೆ ಅಂತಲಾ ಅಮ್ಮ ಹಿಡ್ಕೊಂಡಿರೋದು?" ಎಂದು ಕೇಳಿದಳು ಮಗಳು. ಅವಳಿಗೆ ಈಗ ಕಾಣಿಸಿತ್ತು. "ಮೇಸ್ತ್ರಿ, ನಾನು ಬಿಸಿನೀರಲ್ಲಿ ತೊಳೆದೆ. ಫ್ಯಾನಿನ ಕೆಳಗೆ ಇಟ್ಟೆ. ನಾನೇ ಇಟ್ಟೆ. ಹೀಗೆ ಹಿಡ್ಕೊಂಡ್ರೆ ನಿಲ್ಲುತ್ತಾ?"

ಕೈಯಲ್ಲಿ ಒತ್ತಿ ಹಿಡಿದರೆ ಮರ ನಿಲ್ಲುವುದಿಲ್ಲ. ಮೇಸ್ತ್ರಿಗೆ ಅದು ಐವತ್ತು ವರ್ಷದಿಂದ ಗೊತ್ತು. ಅವನು ತಮ್ಮನ ಮುಖ ನೋಡಿದ, ತಾಯಿಯ ಮುಖ ನೋಡಿದ.

ಮಗಳು ಲೋಟ ಕೆಳಗಿಟ್ಟಳು. ತಾಯಿಯ ಬಲಗೈ ಇರಬೇಕಾಗಿದ್ದ ಕಡೆ ತನ್ನ ಕೈಯಿಟ್ಟು ಎದುರಿನಿಂದ ಒತ್ತಿದಳು.

ತಮ್ಮ ಎದ್ದು ಹೋಗಿ ಫ್ಯಾನು ಆರಿಸಿದ. ಮೇಸ್ತ್ರಿ ಚೀಲದ ಬಾಯಿ ಬಿಚ್ಚಿದ. ಕೈ ತೆಗೆಯಿರಿ ಎಂದು ಅವರಿಗೆ ಹೇಳಲಿಲ್ಲ. ಮೊಣಕಾಲೂರಿ ಕುಳಿತು, ಬೊಗಸೆಯಲ್ಲಿ ಹೊಟ್ಟು ಎತ್ತಿ ಎತ್ತಿ, ಬೋಗುಣಿಯ ಒಳಗೆ, ಸುತ್ತ, ಅಂಚಿನ ಮೇಲೆ, ಅವರ ಬೆರಳುಗಳ ಮೇಲೆ, ಮಣಿಕಟ್ಟಿನವರೆಗೂ ಸುರಿಯತೊಡಗಿದ.